ರೇಸ್ ಕೊಟ್ಟರೆ ಗೇರ್ ಬಿಟ್ಟುಬಿಡುತ್ತದೆ: ಗೇರ್ ಬಾಕ್ಸ್ ಬದಲಿಸುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ನಾವು ಉಡುಪಿಯ ಕೋಡಿ ಬೆಂಗ್ರೆಯವರು. ನಾನು ಮತ್ತು ನನ್ನ ಅಣ್ಣ ಸೇರಿ ಒಂದು ಫೈಬರ್ ನಾಡದೋಣಿ ನಡೆಸುತ್ತೇವೆ. 9.9 ಎಚ್‌ಪಿಯ ಟೂ ಸ್ಟ್ರೋಕ್ ಸೀಮೆಎಣ್ಣೆ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಕೂರಿಸುವ) ಇಂಜಿನ್ ಇದೆ. ಮೇ ಕೊನೆಗೆ ನೀರಿನ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರಬ್ಬರ್ ಚಕ್ರ) ಬದಲಿಸಿದೆವು. ಎರಡು ಮೂರು ವಾರ ಎಲ್ಲ ಸರಿ ಇತ್ತು. ಈಗ ಫಾರ್ವರ್ಡ್ ಹಾಕಿ ಅರ್ಧಕ್ಕಿಂತ ಜಾಸ್ತಿ ರೇಸ್ ಕೊಟ್ಟರೆ ಕೆಳಗಿನಿಂದ ಕಟ ಕಟ ಸದ್ದು ಬಂದು ಗೇರ್ ಬಿಟ್ಟುಬಿಡುತ್ತದೆ. ರಿವರ್ಸ್ ಸರಿ ಇದೆ. ಗೇರ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿದೆ. ಒಬ್ಬ ಮೆಕ್ಯಾನಿಕ್ ಇಡೀ ಗೇರ್ ಬಾಕ್ಸ್ ಬದಲಿಸಿ ಎನ್ನುತ್ತಾರೆ. ಇನ್ನೊಬ್ಬರು ಆಯಿಲ್ ಬದಲು ಗ್ರೀಸ್ ತುಂಬಿ ಜುಲೈ ಮುಗಿಯುವವರೆಗೆ ಓಡಿಸಿ, ಆಮೇಲೆ ನೋಡೋಣ ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ಮಾತು. ಈ ಇಂಜಿನ್ ಸರಿಯಾಗುವ ತನಕ ಅಳಿವೆ ದಾಟಬೇಡಿ. ಸೀತಾ, ಸ್ವರ್ಣಾ ನದಿಗಳು ಸಮುದ್ರ ಸೇರುವ ನಿಮ್ಮ ಅಳಿವೆಯಲ್ಲಿ ಮಳೆಗಾಲದ ನೀರಿನ ಸೆಳೆತ ಎಷ್ಟು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಅಲೆ ನೋಡಿಕೊಂಡು, ಸರಿಯಾದ ಹೊತ್ತಿಗೆ ಪೂರ್ತಿ ರೇಸ್ ಕೊಟ್ಟು ದಾಟುವ ಜಾಗ ಅದು. ನಿಮ್ಮ ಗೇರ್ ಬಿಟ್ಟುಬಿಡುವುದು ರೇಸ್ ಜಾಸ್ತಿ ಕೊಟ್ಟಾಗಲೇ. ದೋಣಿಗೆ ತಳ್ಳುವ ಬಲ ಬೇಕೇ ಬೇಕು ಎನ್ನುವ ಗಳಿಗೆಯಲ್ಲೇ ಅದು ಕೈ ಕೊಡುತ್ತದೆ. ದೋಣಿ ಅಲೆಗೆ ಅಡ್ಡ ತಿರುಗಿದರೆ ಮುಗಿಯಿತು. ಹೊಳೆಯೊಳಗೆ ನಿಧಾನಕ್ಕೆ ಓಡಿಸಿ ಪರೀಕ್ಷೆ ಮಾಡಿ, ತೊಂದರೆ ಇಲ್ಲ. ಹೊರಗೆ ಬೇಡ.

ಸಮಯದ ಒತ್ತಡ ನನಗೆ ಅರ್ಥವಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. 10 ಎಚ್‌ಪಿ ವರೆಗಿನ ಮೋಟಾರ್ ಇರುವ ನಾಡದೋಣಿಗಳಿಗೆ ಮಾತ್ರ ಅವಕಾಶ. ನಿಮ್ಮಂಥವರ ವರ್ಷದ ಸಂಪಾದನೆಯ ದೊಡ್ಡ ಪಾಲು ಈ ಎರಡು ತಿಂಗಳಲ್ಲೇ. ಆದರೂ ನೀವು ಬರೆದ ಲಕ್ಷಣ ನೋಡಿದರೆ ರಿಪೇರಿ ಅಷ್ಟು ದೊಡ್ಡದಲ್ಲ. ಬಿಡಿಭಾಗ ಕೈಗೆ ಸಿಕ್ಕಿದರೆ ತಿಳಿದ ಮೆಕ್ಯಾನಿಕ್‌ಗೆ ಒಂದು ದಿನದ ಕೆಲಸ. ಇಡೀ ಗೇರ್ ಬಾಕ್ಸ್ ಬದಲಿಸಬೇಕಾದ ಸೂಚನೆ ನಿಮ್ಮ ಪತ್ರದಲ್ಲಿ ನನಗಂತೂ ಕಾಣುತ್ತಿಲ್ಲ.

ಗ್ರೀಸ್ ವಿಚಾರ ಇಲ್ಲೇ ಮುಗಿಸುತ್ತೇನೆ. ತುಂಬಬೇಡಿ. ಗೇರ್ ತಿರುಗುವಾಗ ಗ್ರೀಸ್ ಬದಿಗೆ ಸರಿದು ಅಲ್ಲೇ ಅಂಟಿ ಕೂರುತ್ತದೆ, ಮರಳಿ ಹರಿದು ಬರುವುದಿಲ್ಲ. ಹಲ್ಲುಗಳ ನಡುವೆಯೂ ಬೇರಿಂಗಿನ ಒಳಗೂ ಜಿಡ್ಡು ಇಲ್ಲದಂತಾಗುತ್ತದೆ. ಆಯಿಲ್ ಹಾಲು ಬಣ್ಣಕ್ಕೆ ಬಂದಿದೆ ಎಂದರೆ ಒಳಗೆ ನೀರು ಸೇರುತ್ತಿದೆ. ಗ್ರೀಸ್ ತುಂಬಿದರೆ ಆ ನೀರು ಬರುವುದೂ ನಿಲ್ಲುವುದಿಲ್ಲ, ಸುಮ್ನೆ ನಿಮ್ಮ ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೆ. ಈಗ ಸೀಲು (ನೀರು ಒಳಗೆ ಬರದಂತೆ ಶಾಫ್ಟಿನ ಸುತ್ತ ಕೂರುವ ರಬ್ಬರ್ ಬಳೆ), ಒಂದೆರಡು ಬಿಡಿಭಾಗದಲ್ಲಿ ಹೋಗುವ ಕೆಲಸಕ್ಕೆ ಆಮೇಲೆ ನಿಜವಾಗಿಯೂ ಗೇರ್ ಬಾಕ್ಸನ್ನೇ ಬದಲಿಸಬೇಕಾದೀತು.

ಈಗ ಒಳಗೆ ಏನು ನಡೆಯುತ್ತಿದೆ ನೋಡೋಣ. ಇಂಜಿನಿನಿಂದ ಒಂದು ಉದ್ದ ಶಾಫ್ಟ್ ನೇರ ಕೆಳಗೆ ಬರುತ್ತದೆ. ಅದರ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಗೇರ್. ಅದಕ್ಕೆ ಎರಡು ದೊಡ್ಡ ಗೇರ್ ಕಚ್ಚಿಕೊಂಡಿವೆ, ಮುಂದಿನದು ಫಾರ್ವರ್ಡ್, ಹಿಂದಿನದು ರಿವರ್ಸ್. ಈ ಮೂರೂ ಸದಾ ಕಚ್ಚಿಕೊಂಡೇ ಇರುತ್ತವೆ. ಇಂಜಿನ್ ಓಡುತ್ತಿದ್ದರೆ ನ್ಯೂಟ್ರಲ್‌ನಲ್ಲೂ ಮೂರೂ ತಿರುಗುತ್ತಿರುತ್ತವೆ. ಫ್ಯಾನಿನ, ಅಂದರೆ ಪ್ರೊಪೆಲ್ಲರಿನ, ಶಾಫ್ಟ್ ಮಾತ್ರ ಸುಮ್ಮನಿರುತ್ತದೆ. ಎರಡು ದೊಡ್ಡ ಗೇರುಗಳ ನಡುವೆ, ಅದೇ ಶಾಫ್ಟಿನ ಮೇಲೆ, ಆಚೀಚೆ ಜಾರುವ ಒಂದು ಉಕ್ಕಿನ ತುಂಡು ಇದೆ. ಅದಕ್ಕೆ ಡಾಗ್ ಕ್ಲಚ್ ಎನ್ನುತ್ತಾರೆ. ಅದರ ಎರಡೂ ಬದಿಯಲ್ಲಿ ದಪ್ಪ ಚೌಕ ಹಲ್ಲುಗಳು. ನೀವು ಲಿವರ್ ತಳ್ಳಿದಾಗ ಅದು ಮುಂದಿನ ಗೇರಿನ ಕಡೆ ಸರಿದು ಅದರ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಆಗ ಫ್ಯಾನ್ ತಿರುಗುತ್ತದೆ.

ಆ ಚೌಕ ಹಲ್ಲಿನ ಅಂಚು ಚೂಪಾಗಿದ್ದರೆ ಎಷ್ಟು ರೇಸ್ ಕೊಟ್ಟರೂ ಹಿಡಿತ ಬಿಡುವುದಿಲ್ಲ. ಅಂಚು ಸವೆದು ಉರುಟಾದರೆ, ಭಾರ ಬಿದ್ದ ಕೂಡಲೇ ಒಂದು ಹಲ್ಲು ಇನ್ನೊಂದರ ಮೇಲೆ ಹತ್ತಿ ಹೊರಗೆ ಜಾರುತ್ತದೆ. ಜಾರಿದ ಮೇಲೆ ಮತ್ತೆ ಸಿಕ್ಕಿಕೊಳ್ಳಲು ನೋಡುತ್ತದೆ, ಮತ್ತೆ ಜಾರುತ್ತದೆ. ನೀವು ಕೇಳುವ ಕಟ ಕಟ ಸದ್ದು ಇದೇ. ಫಾರ್ವರ್ಡ್ ಮಾತ್ರ ಕೆಡಲು ಕಾರಣವೂ ಸರಳ, ದಿನವಿಡೀ ಭಾರ ಹೊರುವುದು ಆ ಬದಿಯೇ.

ಹಾಗಾದರೆ ಡಾಗ್ ಕ್ಲಚ್ ಬದಲಿಸಿದರೆ ಆಯಿತಲ್ವಾ? ಇಲ್ಲಿಯೇ ಹೆಚ್ಚಿನವರು ಎಡವುವುದು. ಡಾಗ್ ಕ್ಲಚ್ ತಾನಾಗಿ ಸವೆಯುವುದು ಕಡಿಮೆ. ಮೇಲಿನಿಂದ ಯಾವುದೋ ತಪ್ಪು ಅದನ್ನು ಸವೆಸುತ್ತದೆ. ಆ ತಪ್ಪನ್ನು ಹಾಗೇ ಬಿಟ್ಟು ಹೊಸ ತುಂಡು ಹಾಕಿದರೆ ಮುಂದಿನ ವರ್ಷ ಇದೇ ಹೊತ್ತಿಗೆ ಅದೂ ಸವೆದಿರುತ್ತದೆ. ನಿಮ್ಮ ವಿಷಯದಲ್ಲಿ ನನಗೆ ಎರಡು ಸಂಶಯ.

ಮೊದಲ ಸಂಶಯ ಇಂಪೆಲ್ಲರ್ ಬದಲಿಸಿದ ಕೆಲಸದ ಮೇಲೆ. ನೀರಿನ ಪಂಪ್ ಇರುವುದು ಗೇರ್ ಬಾಕ್ಸಿನ ತಲೆಯ ಮೇಲೆ. ಇಂಪೆಲ್ಲರ್ ತೆಗೆಯಬೇಕಾದರೆ ಗೇರ್ ಬಾಕ್ಸನ್ನು ಕೆಳಗೆ ಇಳಿಸಲೇಬೇಕು. ಇಳಿಸಬೇಕಾದರೆ ಗೇರ್ ಬದಲಿಸುವ ರಾಡಿನ ಜೋಡಣೆ ಬಿಡಿಸಲೇಬೇಕು. ಹಲವು ಸಣ್ಣ ಇಂಜಿನುಗಳಲ್ಲಿ ಮೇಲಿನ ರಾಡ್, ಕೆಳಗಿನ ರಾಡ್ ಎರಡನ್ನೂ ಥ್ರೆಡ್ ಇರುವ ಒಂದು ಉದ್ದ ನಟ್ಟು ಸೇರಿಸುತ್ತದೆ, ಅದರ ಜೊತೆಗೆ ಒಂದು ಲಾಕ್ ನಟ್ಟು. ಮರಳಿ ಜೋಡಿಸುವಾಗ ಆ ನಟ್ಟು ಕೆಲವು ಸುತ್ತು ಕಡಿಮೆಯಾದರೂ ಜಾಸ್ತಿಯಾದರೂ ರಾಡಿನ ಉದ್ದ ಬದಲಾಗುತ್ತದೆ. ಆಗ ಲಿವರ್ ಫಾರ್ವರ್ಡ್‌ನ ಕೊನೆಗೆ ತಲುಪಿದರೂ ಕೆಳಗೆ ಡಾಗ್ ಕ್ಲಚ್ ಪೂರ್ತಿ ಒಳಗೆ ಹೋಗಿರುವುದಿಲ್ಲ. ಹಲ್ಲಿನ ತುದಿ ಮಾತ್ರ ಹಿಡಿದುಕೊಂಡಿರುತ್ತದೆ. ಎರಡು ಮೂರು ವಾರ ತುದಿಯಲ್ಲೇ ಭಾರ ಹೊತ್ತರೆ ಅಂಚು ಉಳಿಯುತ್ತದೆಯೇ? ನಿಮ್ಮ ಲೆಕ್ಕಕ್ಕೆ ಇದು ಸರಿಯಾಗಿ ಕೂರುತ್ತದೆ.

ಎರಡನೆಯದು ಸೀಮೆಎಣ್ಣೆ ಇಂಜಿನಿನವರಲ್ಲಿ ತುಂಬಾ ಕಾಣುವ ಅಭ್ಯಾಸ. ಸೀಮೆಎಣ್ಣೆಯಲ್ಲಿ ಇಂಜಿನ್ ಐಡ್ಲಿಂಗ್‌ನಲ್ಲಿ, ಅಂದರೆ ರೇಸ್ ಪೂರ್ತಿ ಇಳಿಸಿದಾಗ, ಸರಿ ನಿಲ್ಲುವುದಿಲ್ಲ, ಆಫ್ ಆಗುತ್ತದೆ. ಅದಕ್ಕೆ ಐಡ್ಲಿಂಗ್ ಸ್ಕ್ರೂ ತಿರುಗಿಸಿ ಸ್ಪೀಡ್ ಏರಿಸಿಬಿಡುತ್ತಾರೆ. ಏರಿಸಿದ ಸ್ಪೀಡಿನಲ್ಲಿ ಗೇರ್ ಹಾಕಿದರೆ ಜೋರಾಗಿ ತಿರುಗುವ ಗೇರಿಗೆ ನಿಂತಿರುವ ಡಾಗ್ ಕ್ಲಚ್ ಹೋಗಿ ಬಡಿಯುತ್ತದೆ. ಪ್ರತಿ ಸಲವೂ ಅಂಚಿನಿಂದ ಚೂರು ಹೋಗುತ್ತದೆ. ಇಷ್ಟು ಸಾಲದು ಎಂಬಂತೆ, ಸದ್ದು ಬರುತ್ತದೆ ಅಂತ ಹೆದರಿ ಲಿವರನ್ನು ಮೆಲ್ಲ ಮೆಲ್ಲನೆ ತಳ್ಳುತ್ತಾರೆ. ಅದು ಇನ್ನೂ ಕೆಟ್ಟದ್ದು. ಮೆಲ್ಲನೆ ತಳ್ಳಿದಷ್ಟೂ ಹಲ್ಲಿನ ತುದಿಗಳು ಒಂದನ್ನೊಂದು ಉಜ್ಜಿಕೊಂಡು ಕಟ ಕಟ ಎನ್ನುವ ಹೊತ್ತು ಜಾಸ್ತಿ. ರೇಸ್ ಪೂರ್ತಿ ಇಳಿಸಬೇಕು, ಸದ್ದು ತಗ್ಗಲು ಒಂದು ಗಳಿಗೆ ಕೊಡಬೇಕು, ಆಮೇಲೆ ಒಂದೇ ಸಲ ಗಟ್ಟಿಯಾಗಿ ಲಿವರ್ ತಳ್ಳಬೇಕು. ಒಂದು ಸಣ್ಣ ‘ಟಕ್’ ಕೇಳಿಸಿದರೆ ಅದು ಸರಿಯಾದ ಸದ್ದು.

ಐಡ್ಲಿಂಗ್ ಏರಿಸದೆ ಹೇಗೆ ನಡೆಸುವುದು ಎಂದು ಕೇಳುತ್ತೀರಿ. ದಡ ಹತ್ತಿರವಾಗುವಾಗ, ಬಲೆ ಎಳೆಯುವ ಮೊದಲು, ಅಂದರೆ ಗೇರ್ ಮತ್ತೆ ಮತ್ತೆ ಹಾಕಿ ತೆಗೆಯುವ ಕೆಲಸ ಶುರುವಾಗುವ ಮೊದಲೇ ಪೆಟ್ರೋಲಿಗೆ ಬದಲಿಸಿ. ಪೆಟ್ರೋಲಿನಲ್ಲಿ ಐಡ್ಲಿಂಗ್ ಕೆಳಗೆ ಇಳಿಸಿದರೂ ನಿಲ್ಲುತ್ತದೆ. ಹೇಗೂ ಇಂಜಿನ್ ನಿಲ್ಲಿಸುವ ಮೊದಲು ಪೆಟ್ರೋಲಿಗೆ ಬರಬೇಕು, ಇಲ್ಲದಿದ್ದರೆ ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆ ಉಳಿದು ಮಾರನೆಯ ದಿನ ಸ್ಟಾರ್ಟ್ ಆಗಲು ಕಾಡುತ್ತದೆ. ಅದನ್ನೇ ಹತ್ತು ನಿಮಿಷ ಮುಂಚೆ ಮಾಡಿ. ಪೆಟ್ರೋಲಿಗೆ ಹೋಗುವ ನಾಲ್ಕು ಕಾಸು ಗೇರಿನಲ್ಲಿ ಉಳಿಯುತ್ತದೆ. ಪೆಟ್ರೋಲಿನಲ್ಲೂ ಐಡ್ಲಿಂಗ್ ನಿಲ್ಲದಿದ್ದರೆ ಪ್ಲಗ್, ಕಾರ್ಬೊರೇಟರ್ ನೋಡಬೇಕು. ಅದು ಗೇರಿನ ಸಮಸ್ಯೆಯಲ್ಲ, ಆದರೆ ಗೇರನ್ನು ತಿನ್ನುವ ಸಮಸ್ಯೆ.

ಇನ್ನು ಬಿಚ್ಚುವ ಮೊದಲು ಮಾಡಬೇಕಾದ ಪರೀಕ್ಷೆಗಳು. ದೋಣಿ ದಡದಲ್ಲಿರಲಿ. ಕಿಲ್ ಸ್ವಿಚ್ಚಿನ (ಇಂಜಿನ್ ತಟ್ಟನೆ ನಿಲ್ಲಿಸುವ ಸ್ವಿಚ್) ಹಗ್ಗ ತೆಗೆಯಿರಿ, ಎರಡೂ ಪ್ಲಗ್ಗಿನ ವಯರ್ ಕಳಚಿಡಿ, ಪ್ಲಗ್ಗನ್ನೂ ಬಿಚ್ಚಿಡಿ. ಇದನ್ನು ಬಿಟ್ಟು ಫ್ಯಾನಿಗೆ ಕೈ ಹಾಕಬೇಡಿ. ಗೇರಿನಲ್ಲಿ ಇರುವಾಗ ಫ್ಯಾನ್ ತಿರುಗಿಸಿದರೆ ಇಂಜಿನೂ ತಿರುಗುತ್ತದೆ. ಸಣ್ಣ ಇಂಜಿನ್ ಒಂದು ಸಲ ಹೊತ್ತಿಕೊಂಡರೂ ಬೆರಳು ಹೋಗುತ್ತದೆ.

ಮೇಲಿನ ಮುಚ್ಚಳ ತೆಗೆದು ಅಣ್ಣ ಲಿವರ್ ಹಿಡಿಯಲಿ, ನೀವು ಫ್ಯಾನನ್ನು ಮೆಲ್ಲಗೆ ತಿರುಗಿಸುತ್ತಾ ಇರಿ. ನ್ಯೂಟ್ರಲ್‌ನಲ್ಲಿ ಎರಡೂ ಕಡೆ ಸುಲಭವಾಗಿ ತಿರುಗಬೇಕು. ಫಾರ್ವರ್ಡ್ ಹಾಕಿದ ಮೇಲೆ ಹಿಡಿಯಬೇಕು. ಕೆಲವು ಮಾಡೆಲ್‌ಗಳಲ್ಲಿ ಒಂದು ಕಡೆಗೆ ತಿರುಗಿಸಿದರೆ ಟಕ ಟಕ ಎಂದು ಜಾರುವುದು ಅದರ ರಚನೆಯೇ, ಗಾಬರಿ ಬೇಡ. ಇಂಜಿನನ್ನು ಓಡಿಸುವ ದಿಕ್ಕಿನಲ್ಲಿ ಫ್ಲೈವೀಲ್ (ಇಂಜಿನಿನ ತಲೆಯ ಮೇಲಿನ ದೊಡ್ಡ ಚಕ್ರ) ತಿರುಗಿಸಿದಾಗ ಫ್ಯಾನ್ ಜೊತೆಗೆ ಬರಬೇಕು, ಅಷ್ಟೇ ಮುಖ್ಯ. ಈಗ ಗಮನ ಇಟ್ಟು ನೋಡಬೇಕಾದದ್ದು ಇದು: ಫ್ಯಾನ್ ಹಿಡಿದುಕೊಂಡ ಮೇಲೂ ಲಿವರ್ ಇನ್ನೂ ಸ್ವಲ್ಪ ಮುಂದೆ ಹೋಗುತ್ತದೆಯೇ? ಹೋಗಬೇಕು. ಆ ಉಳಿದ ಓಟದಲ್ಲೇ ಹಲ್ಲು ಪೂರ್ತಿ ಒಳಗೆ ಕೂರುವುದು. ಲಿವರ್ ಕೊನೆಗೆ ಮುಟ್ಟುವ ಹೊತ್ತಿಗೆ ಆಗಷ್ಟೇ ಫ್ಯಾನ್ ಹಿಡಿದರೆ ನಿಮ್ಮ ರಾಡಿನ ಜೋಡಣೆ ತಪ್ಪಿದೆ. ರಿವರ್ಸ್ ಬದಿಗೂ ಇದೇ ರೀತಿ ನೋಡಿ. ರಿವರ್ಸ್ ಬೇಗ ಹಿಡಿದು, ಫಾರ್ವರ್ಡ್ ತಡವಾಗಿ ಹಿಡಿದರೆ ನನ್ನ ಮೊದಲ ಸಂಶಯಕ್ಕೆ ಸಾಕ್ಷಿ ಸಿಕ್ಕಿತು.

ಅಲ್ಲೇ ಲಿವರಿನಿಂದ ರಾಡಿನ ತನಕ ಇರುವ ಪ್ರತಿ ಸಂದಿಯನ್ನೂ ಬೆರಳಲ್ಲಿ ಅಲುಗಾಡಿಸಿ. ಉಪ್ಪು ನೀರಿನ ಕೆಲಸ ಅಲ್ವಾ, ಪ್ಲಾಸ್ಟಿಕ್ ಬುಷ್ ಸವೆದಿರುತ್ತದೆ, ಕ್ಲಿಪ್ ತುಕ್ಕು ಹಿಡಿದು ಅರ್ಧ ಮುರಿದಿರುತ್ತದೆ, ಲಿವರಿನ ಬೋಲ್ಟ್ ಸಡಿಲವಾಗಿರುತ್ತದೆ. ಒಂದೊಂದು ಸಂದಿಯ ಸಡಿಲ ಅಷ್ಟಷ್ಟೇ ಇದ್ದರೂ ಎಲ್ಲ ಸೇರಿದರೆ ಕೆಳಗೆ ಡಾಗ್ ಕ್ಲಚ್ಚಿನ ಅರ್ಧ ಓಟ ತಿಂದುಹಾಕುತ್ತದೆ.

ಇದಾದ ಮೇಲೆ ಫ್ಯಾನ್ ಬಿಚ್ಚಿ. ಸ್ಪ್ಲಿಟ್ ಪಿನ್, ನಟ್ಟು, ವಾಷರ್ ತೆಗೆದ ಕ್ರಮದಲ್ಲೇ ಒಂದು ಬಟ್ಟೆಯ ಮೇಲೆ ಸಾಲಾಗಿ ಇಡಿ. ಫ್ಯಾನಿನ ನಡುವೆ ರಬ್ಬರ್ ಬುಷ್ ಇರುತ್ತದೆ. ಕಲ್ಲಿಗೋ ಮರಳಿಗೋ ಬಡಿದಾಗ ಗೇರ್ ಮುರಿಯದಿರಲಿ ಅಂತ ಅದು ಜಾರುವಂತೆ ಮಾಡಿರುತ್ತಾರೆ. ಆ ಬುಷ್ ಬಿಟ್ಟುಹೋದರೂ ಗೇರ್ ಸ್ಲಿಪ್ ಆದಂತೆಯೇ ಕಾಣುತ್ತದೆ. ಇಂಜಿನ್ ಕೂಗುತ್ತದೆ, ದೋಣಿ ಹೋಗುವುದಿಲ್ಲ. ಎಷ್ಟೋ ಜನ ಬುಷ್ ಹೋದದ್ದಕ್ಕೆ ಗೇರ್ ಬಾಕ್ಸ್ ಬಿಚ್ಚಿಸಿದ್ದಾರೆ. ವ್ಯತ್ಯಾಸ ಸದ್ದಿನಲ್ಲಿದೆ. ಬುಷ್ ಜಾರಿದರೆ ಕಬ್ಬಿಣ ಬಡಿದ ಸದ್ದು ಬರುವುದಿಲ್ಲ, ರೇಸ್ ಒಂದೇ ಸಮನೆ ಏರುತ್ತದೆ. ನಿಮ್ಮದರಲ್ಲಿ ಕಟ ಕಟ ಇದೆ, ಹಾಗಾಗಿ ಬುಷ್ ಅಲ್ಲ ಅನಿಸುತ್ತದೆ. ಆದರೂ ಖಚಿತ ಮಾಡಿಕೊಳ್ಳಿ. ಹಿಂದಿನಿಂದ ನೋಡಿದಾಗ ಕಾಣುವ ಒಳಗಿನ ಲೋಹದ ಬಳೆಯಿಂದ ಫ್ಯಾನಿನ ಹೊರಗಿನ ಗುಂಡನೆ ಭಾಗದ ತನಕ ಪೈಂಟಿನಲ್ಲಿ ಒಂದು ನೇರ ಗೆರೆ ಎಳೆದು ಒಣಗಲು ಬಿಡಿ. ಹೊಳೆಯಲ್ಲಿ ಓಡಿಸಿ ಬಂದ ಮೇಲೆ ಗೆರೆ ಎರಡು ತುಂಡಾಗಿ ಆಚೀಚೆ ಸರಿದಿದ್ದರೆ ಬುಷ್ ಜಾರುತ್ತಿದೆ. ನೇರ ಇದ್ದರೆ ಫ್ಯಾನ್ ಸರಿ ಇದೆ.

ಫ್ಯಾನ್ ಕೈಯಲ್ಲಿರುವಾಗಲೇ ಅದರ ಹಿಂದೆ, ಶಾಫ್ಟ್ ಗೇರ್ ಬಾಕ್ಸಿನೊಳಗೆ ಹೋಗುವ ಜಾಗವನ್ನು ಟಾರ್ಚ್ ಹಿಡಿದು ನೋಡಿ. ನಿಮ್ಮ ಹಾಲು ಬಣ್ಣದ ಆಯಿಲಿಗೆ ಉತ್ತರ ಬಹುಪಾಲು ಅಲ್ಲೇ ಇರುತ್ತದೆ. ಬಲೆಯ ನೈಲಾನ್ ದಾರದ ಒಂದು ತುಂಡು ಸಾಕು. ಫ್ಯಾನಿಗೆ ಸಿಕ್ಕಿದ ದಾರ ಸುತ್ತುತ್ತಾ ಸುತ್ತುತ್ತಾ ದಪ್ಪ ವಾಷರಿನ ಹಿಂದೆ ಒಳಗೆ ಸರಿಯುತ್ತದೆ. ಅಲ್ಲಿ ಉಜ್ಜಿ ಬಿಸಿಯಾಗಿ ಕರಗುತ್ತದೆ, ಆರಿದಾಗ ಗಟ್ಟಿಯಾಗಿ ಶಾಫ್ಟಿಗೆ ಅಂಟಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಹಸಿರೋ ನೀಲಿಯೋ ಒಂದು ತೆಳು ಅಂಚು ಮಾತ್ರ ಕಾಣುತ್ತದೆ. ಅದನ್ನು ಚೂಪು ಕೊಕ್ಕೆಯಿಂದ ಬಿಡಿಸಿದರೆ ಒಂದು ಮಾರು ದಾರ ಬರುವುದೂ ಇದೆ. ಅದರ ಹಿಂದೆಯೇ ಆಯಿಲ್ ಸೀಲಿನ ತುಟಿ. ದಾರ ಅದನ್ನು ಕೊಯ್ದಿರುತ್ತದೆ. ಆಮೇಲೆ ನೀರು ಒಳಗೆ, ಆಯಿಲ್ ಹೊರಗೆ.

ಫ್ಯಾನಿಗೆ ಬಲೆ ಸಿಕ್ಕಿದ ದಿನ ದೋಣಿಯವರು ಕತ್ತಿಯಲ್ಲಿ ಕತ್ತರಿಸಿ ಕಣ್ಣಿಗೆ ಕಂಡಷ್ಟು ತೆಗೆದು ಮುಂದೆ ಹೋಗುತ್ತಾರೆ. ಕಡಲಲ್ಲಿ ಅಷ್ಟೇ ಮಾಡಲು ಸಾಧ್ಯ, ಸರಿ. ಆದರೆ ಅದೇ ಸಂಜೆ ದಡದಲ್ಲಿ ಫ್ಯಾನ್ ಬಿಚ್ಚಿ ನೋಡಲೇಬೇಕು. ಹತ್ತು ನಿಮಿಷದ ಕೆಲಸ. ಇದೊಂದನ್ನು ನಮ್ಮ ಕರಾವಳಿಯ ನಾಡದೋಣಿಯವರೆಲ್ಲ ಮಾಡಿದರೆ ಗೇರ್ ಬಾಕ್ಸಿಗೆ ಸುರಿಯುವ ದುಡ್ಡಿನಲ್ಲಿ ಎಷ್ಟೋ ಉಳಿಯುತ್ತದೆ ಎಂದು ನನ್ನ ಖಚಿತ ಅಭಿಪ್ರಾಯ.

ನೀರು ಬರುವ ದಾರಿ ಅದೊಂದೇ ಅಲ್ಲ. ಪಂಪಿನ ಕೆಳಗೆ ಉದ್ದ ಶಾಫ್ಟಿನ ಸೀಲ್ ಇದೆ, ಗೇರ್ ರಾಡಿನ ಸೀಲ್ ಇದೆ, ಆಯಿಲಿನ ಎರಡು ಸ್ಕ್ರೂಗಳ ವಾಷರ್ ಇದೆ. ನಿಮ್ಮಲ್ಲಿ ಇಂಪೆಲ್ಲರ್ ಬದಲಿಸಿದ್ದರಿಂದ ಮೊದಲ ಎರಡರ ಮೇಲೂ ಕಣ್ಣಿಡಬೇಕು. ಎಲ್ಲಿಂದ ಅಂತ ಊಹಿಸುತ್ತಾ ಕೂರುವ ಬದಲು ಗಾಳಿ ಹಾಕಿ ನೋಡುವುದು ಒಳ್ಳೆಯದು. ಆಯಿಲ್ ಪೂರ್ತಿ ಬಸಿದು, ಕೆಳಗಿನ ಸ್ಕ್ರೂ ಮುಚ್ಚಿ, ಮೇಲಿನ ತೂತಿಗೆ ನಿಪ್ಪಲ್ ಹಾಕಿ, ಮೀಟರ್ ಇರುವ ಕೈ ಪಂಪಿನಲ್ಲಿ 10 ಪಿಎಸ್‌ಐ ಆಸುಪಾಸು ಗಾಳಿ ತುಂಬಿ. ಅದಕ್ಕಿಂತ ತುಂಬಾ ಏರಿಸಿದರೆ ಸರಿ ಇರುವ ಸೀಲೂ ಹೊರಗೆ ಬಂದೀತು. ಟಯರಿಗೆ ಗಾಳಿ ತುಂಬುವ ಕಂಪ್ರೆಸರ್ ಬೇಡವೇ ಬೇಡ. ಗೇರ್ ಬಾಕ್ಸನ್ನು ನೀರಿನ ಡ್ರಮ್ಮಿನಲ್ಲಿ ಇಳಿಸಿ, ಫ್ಯಾನಿನ ಶಾಫ್ಟ್ ತಿರುಗಿಸಿ, ರಾಡ್ ಅಲುಗಾಡಿಸಿ. ಗುಳ್ಳೆ ಬಂದ ಜಾಗವೇ ಕಳ್ಳದಾರಿ. ಹೊಸ ಸೀಲ್ ಹಾಕಿದ ಮೇಲೂ ಇದೇ ಪರೀಕ್ಷೆ ಮಾಡಿ, ಮೀಟರಿನ ಮುಳ್ಳು ಇಳಿಯದಿದ್ದರೆ ಮಾತ್ರ ಆಯಿಲ್ ತುಂಬಿ.

ಸೀಲ್ ಬದಲಿಸುವಾಗ ಶಾಫ್ಟಿನ ಮೇಲೆ ಸೀಲ್ ಕೂರುವ ಜಾಗವನ್ನು ಉಗುರಿನಿಂದ ಗೀರಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ, ಶಾಫ್ಟನ್ನೇ ನೋಡಿಕೊಳ್ಳಬೇಕು. ಸೀಲ್ ಕಂಪನಿಯದ್ದೇ ಹಾಕಿ. ಬೇರೆ ಕಡೆ ಲೋಕಲ್ ಬಿಡಿಭಾಗ ನಡೆದೀತು, ಇಲ್ಲಿ ಬೇಡ.

ಬಸಿದ ಆಯಿಲನ್ನು ಚೆಲ್ಲಬೇಡಿ, ಪಾರದರ್ಶಕ ಬಾಟಲಿಯಲ್ಲಿ ಹಿಡಿದು ಒಂದು ರಾತ್ರಿ ಇಡಿ. ಆಯಿಲಿಗೆ ಬೆರೆಯದ ನೀರು ಕೆಳಗೆ ನಿಲ್ಲುತ್ತದೆ. ಬೆರೆತದ್ದು ಹಾಲಿನಂತೆಯೇ ಉಳಿಯುತ್ತದೆ. ಆಮೇಲೆ ಸ್ವಲ್ಪ ಬೆರಳಿಗೆ ತಾಗಿಸಿ ಉಜ್ಜಿ. ಬಸಿಯುವ ಸ್ಕ್ರೂ ಆಯಸ್ಕಾಂತದ್ದಾದರೆ ಅದನ್ನೂ ನೋಡಿ. ಬೂದಿಯಂಥ ನುಣ್ಣನೆ ಪುಡಿ ಸಾಮಾನ್ಯ ಸವೆತ. ಕಣ್ಣಿಗೆ ಕಾಣುವ ಚೂರು, ಹೊಳೆಯುವ ಚಕ್ಕೆ ಸಿಕ್ಕಿದರೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ ಎಂದರ್ಥ. ಗೇರ್ ಬಾಕ್ಸ್ ಬದಲಿಸುವ ಮಾತು ಬರಬೇಕಾದದ್ದು ಆಗ. ಒಳಗೆ ಪಿನಿಯನ್ನಿನ ಹಲ್ಲು ಮುರಿದಿದ್ದರೆ, ಬೇರಿಂಗ್ ಕೂರುವ ಜಾಗ ಸವೆದು ಸಡಿಲವಾಗಿದ್ದರೆ, ಹೊರ ಕವಚ ಉಪ್ಪಿಗೆ ತೂತಾಗಿದ್ದರೆ, ಬಿಡಿ ಬಿಡಿಯಾಗಿ ಹಾಕುವುದಕ್ಕಿಂತ ಪೂರ್ತಿ ಬದಲಿಸುವುದೇ ಅಗ್ಗ. ಇಲ್ಲದಿದ್ದರೆ ಅಲ್ಲ.

ಈ ಪರೀಕ್ಷೆಗಳಲ್ಲಿ ರಾಡಿನ ಜೋಡಣೆ ತಪ್ಪಿದೆ ಎಂದು ಕಂಡರೆ ಮೊದಲು ಅದನ್ನೇ ಸರಿ ಮಾಡಿ, ಆಯಿಲ್ ಬದಲಿಸಿ, ಹೊಳೆಯಲ್ಲಿ ಒಮ್ಮೆ ನೋಡಿ. ದೋಣಿಯನ್ನು ಗಟ್ಟಿ ಕಂಬಕ್ಕೆ ಹಗ್ಗದಿಂದ ಕಟ್ಟಿ, ಫಾರ್ವರ್ಡ್ ಹಾಕಿ, ಮೆಲ್ಲ ಮೆಲ್ಲನೆ ರೇಸ್ ಏರಿಸಿ. ಒಂದು ಕೈ ಲಿವರಿನ ಮೇಲೆ ಹಗುರವಾಗಿ ಇರಲಿ. ಗೇರ್ ಬಿಡುವಾಗ ಲಿವರ್ ಕೈಗೆ ಹಿಂದಕ್ಕೆ ಒದ್ದರೆ ಡಾಗ್ ಕ್ಲಚ್ಚಿನ ಅಂಚು ಹೋಗಿದೆ, ಅದೇ ರಾಡನ್ನು ಹಿಂದಕ್ಕೆ ತಳ್ಳುತ್ತಿದೆ. ಲಿವರ್ ಅಲುಗದೆ ಸದ್ದು ಮಾತ್ರ ಬಂದರೆ ನಡುವೆ ಎಲ್ಲೋ ಸಡಿಲ ಉಳಿದಿದೆ, ಮತ್ತೆ ಮೇಲೆ ಹುಡುಕಿ. ಜೋಡಣೆ ಸರಿ ಮಾಡಿದ ಮೇಲೆ ಪೂರ್ತಿ ರೇಸಿಗೂ ನಿಂತರೆ ನಿಮ್ಮ ಅದೃಷ್ಟ, ಹಲ್ಲು ಇನ್ನೂ ಉಳಿದಿದೆ. ಆದರೆ ಎರಡು ಮೂರು ವಾರ ತುದಿಯಲ್ಲಿ ಓಡಿದೆ, ನಾನು ಅದರ ಮೇಲೆ ಭರವಸೆ ಇಟ್ಟು ಅಳಿವೆ ದಾಟುವುದಿಲ್ಲ. ಹೇಗೂ ಸೀಲ್ ಬದಲಿಸಲು ಬಿಚ್ಚುತ್ತೀರಿ. ಆಗ ಡಾಗ್ ಕ್ಲಚ್ಚನ್ನು ಕೈಯಲ್ಲಿ ಹಿಡಿದು ನೀವೇ ನೋಡಿ.

ಆಗ ಮೆಕ್ಯಾನಿಕ್ ಪಕ್ಕದಲ್ಲೇ ನಿಂತುಕೊಳ್ಳಿ. ಒಳ್ಳೆಯ ಹಲ್ಲಿನ ಮೂಲೆ ಬೆರಳಿಗೆ ಚುಚ್ಚುತ್ತದೆ. ಸವೆದದ್ದು ನುಣ್ಣಗೆ ಹೊಳೆಯುತ್ತದೆ, ಬೆರಳು ಅದರ ಮೇಲೆ ಜಾರುತ್ತದೆ. ರಿವರ್ಸ್ ಬದಿಯ ಹಲ್ಲು, ಫಾರ್ವರ್ಡ್ ಬದಿಯ ಹಲ್ಲು ಎರಡನ್ನೂ ಮುಟ್ಟಿ ನೋಡಿದರೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದರ ಎದುರಿನ ಫಾರ್ವರ್ಡ್ ಗೇರಿನ ಹಲ್ಲನ್ನೂ ನೋಡಲು ಮರೆಯಬೇಡಿ. ಅದೂ ಉರುಟಾಗಿದ್ದರೆ ಎರಡನ್ನೂ ಬದಲಿಸಬೇಕು. ಸವೆದ ಗೇರಿಗೆ ಹೊಸ ಡಾಗ್ ಕ್ಲಚ್ ಹಾಕಿದರೆ ಹೊಸದೂ ಬೇಗ ಹೋಗುತ್ತದೆ. ಡಾಗ್ ಕ್ಲಚ್ಚನ್ನೇ ತಿರುಗಿಸಿ ಹಾಕಿ, ರಿವರ್ಸ್ ಬದಿಯ ಒಳ್ಳೆಯ ಹಲ್ಲು ಮುಂದೆ ಬರುತ್ತದೆ ಎಂದು ಯಾರಾದರೂ ಸೂಚಿಸಬಹುದು. ಅದರ ಮೇಲೆ ‘ಎಫ್’ ಗುರುತು ಇದ್ದರೆ ಆ ಬದಿ ಮುಂದಕ್ಕೇ ಇರಬೇಕು, ತಿರುಗಿಸುವಂತಿಲ್ಲ. ಫೈಲ್ ಹಿಡಿದು ಅಂಚು ಚೂಪು ಮಾಡಿಸುವುದಂತೂ ಬೇಡ. ಮೇಲಿನ ಗಟ್ಟಿ ಪದರ ಹೋದರೆ ಒಳಗಿನ ಮೆದು ಉಕ್ಕು ಎಷ್ಟು ದಿನ ತಡೆದೀತು?

ಅದೇ ಹೊತ್ತಿಗೆ ಒಳಗಿನ ಸ್ಪ್ರಿಂಗನ್ನೂ ನೋಡಿಸಿ. ಕೆಲವು ಮಾಡೆಲ್‌ಗಳಲ್ಲಿ ಒಂದು ಬದಿಗೆ ಡಾಗ್ ಕ್ಲಚ್ಚನ್ನು ರಾಡಿನ ತುದಿಯ ಕ್ಯಾಮ್ ತಳ್ಳುತ್ತದೆ, ಇನ್ನೊಂದು ಬದಿಗೆ ಸ್ಪ್ರಿಂಗ್ ತಳ್ಳುತ್ತದೆ. ಸ್ಪ್ರಿಂಗ್ ಮುರಿದಿದ್ದರೆ ಒಂದೇ ಗೇರ್ ಕೆಡುತ್ತದೆ. ಗೇರುಗಳ ಹಿಂದೆ ತೆಳು ಶಿಮ್ ವಾಷರುಗಳಿರುತ್ತವೆ. ಅವು ಎಲ್ಲಿದ್ದವೋ ಅಲ್ಲಿಗೇ, ಇದ್ದಷ್ಟೇ ಮರಳಿ ಹೋಗಬೇಕು. ಫಾರ್ವರ್ಡ್ ಗೇರನ್ನೇ ಬದಲಿಸಿದರೆ ಹಲ್ಲುಗಳ ನಡುವಿನ ಸಂದು ಅಳೆದು ಹೊಸದಾಗಿ ಶಿಮ್ ಹಾಕಬೇಕಾಗುತ್ತದೆ. ಇದನ್ನು ಅಂದಾಜಿನಲ್ಲಿ ಮಾಡುವವರ ಹತ್ತಿರ ಕೊಡಬೇಡಿ. ಸಂದು ಅಳೆಯುವ ಡಯಲ್ ಗೇಜ್ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಉದ್ದ ಶಾಫ್ಟಿನ ಮೇಲ್ತುದಿಯ ಸ್ಪ್ಲೈನಿಗೆ (ಇಂಜಿನಿಗೆ ಕೂರುವ ಉದ್ದುದ್ದ ಹಲ್ಲುಗಳಿಗೆ) ನೀರಿಗೆ ಕರಗದ ಗ್ರೀಸ್ ಸವರಿ, ಇಲ್ಲದಿದ್ದರೆ ತುಕ್ಕು ಹಿಡಿದು ಇಂಜಿನಿಗೆ ಅಂಟಿಕೊಳ್ಳುತ್ತದೆ. ಆದರೆ ಶಾಫ್ಟಿನ ನೆತ್ತಿಯ ಮೇಲೆ ಗ್ರೀಸ್ ಮುದ್ದೆ ಇಡಬೇಡಿ, ಒಳಗೆ ಸಿಕ್ಕಿಕೊಂಡು ಶಾಫ್ಟ್ ಪೂರ್ತಿ ಮೇಲೆ ಕೂರದಂತೆ ಮಾಡುತ್ತದೆ. ಫ್ಯಾನಿನ ಶಾಫ್ಟಿಗೂ ಗ್ರೀಸ್ ಬೇಕು. ಗೇರ್ ಬಾಕ್ಸ್ ಏರಿಸಿದ ಮೇಲೆ ರಾಡಿನ ನಟ್ಟು ಹೊಂದಿಸಿ ನಾನು ಮೇಲೆ ಹೇಳಿದ ಲಿವರ್ ಪರೀಕ್ಷೆ ಮತ್ತೆ ಮಾಡಿಸಿ. ಲಾಕ್ ನಟ್ಟು ಬಿಗಿಯಾಗಿದೆಯೇ ಎಂದು ನಿಮ್ಮ ಕೈಯಲ್ಲೇ ನೋಡಿ.

ಆಯಿಲ್ ಎಂದರೆ ಔಟ್‌ಬೋರ್ಡಿಗೆ ಹೇಳಿದ ಹೈಪಾಯ್ಡ್ ಗೇರ್ ಆಯಿಲ್, ಹೆಚ್ಚಿನ ಸಣ್ಣ ಇಂಜಿನುಗಳಿಗೆ ಎಸ್‌ಎಇ 90. ಇಂಜಿನ್ ಆಯಿಲ್ ಅಲ್ಲ. ನಿಮ್ಮ ಇಂಜಿನಿನ ಪುಸ್ತಕದಲ್ಲಿ ಗ್ರೇಡ್, ಅಳತೆ ಎರಡೂ ಇರುತ್ತದೆ. ಈ ಗಾತ್ರದ ಇಂಜಿನಿಗೆ ಅರ್ಧ ಲೀಟರ್ ಕೂಡ ಬೇಕಾಗುವುದಿಲ್ಲ. ತುಂಬುವುದು ಕೆಳಗಿನ ತೂತಿನಿಂದ, ಮೇಲಿನಿಂದ ಅಲ್ಲ. ಮೇಲಿನಿಂದ ಹಾಕಿದರೆ ಗಾಳಿ ಸಿಕ್ಕಿಕೊಂಡು ತುಂಬಿತು ಎಂದು ಅನಿಸುತ್ತದೆ, ಒಳಗೆ ಅರ್ಧ ಖಾಲಿ. ಇಂಜಿನ್ ನೇರ ನಿಂತಿರಲಿ, ಎರಡೂ ಸ್ಕ್ರೂ ತೆಗೆಯಿರಿ, ಕೆಳಗಿನಿಂದ ಟ್ಯೂಬ್ ಒತ್ತಿ ಹಿಂಡಿ. ಮೇಲಿನ ತೂತಿನಲ್ಲಿ ಗುಳ್ಳೆ ಇಲ್ಲದೆ ಆಯಿಲ್ ಬಂದಾಗ ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಟ್ಯೂಬ್ ತೆಗೆದು ಕೆಳಗಿನದನ್ನು ಬೇಗ ಹಾಕಿ. ಎರಡಕ್ಕೂ ಹೊಸ ವಾಷರ್.

ಆಗಸ್ಟ್‌ನಲ್ಲಿ ದೋಣಿ ಎಳೆದಿಡುವಾಗ ಇನ್ನೊಮ್ಮೆ ಆಯಿಲ್ ಬದಲಿಸಿ. ಹೆಚ್ಚಿನವರು ಮುಂದಿನ ಸೀಸನ್ ಶುರುವಾಗುವಾಗ ಬದಲಿಸುತ್ತಾರೆ. ಅದು ತಡ. ಉಪ್ಪು ನೀರು ಬೆರೆತ ಆಯಿಲಿನಲ್ಲಿ ಬೇರಿಂಗ್ ತಿಂಗಳುಗಟ್ಟಲೆ ಸುಮ್ಮನೆ ನಿಂತರೆ ತುಕ್ಕಿನ ಕುಳಿ ಬೀಳುವುದು ಆ ತಿಂಗಳುಗಳಲ್ಲೇ.

ರಿಪೇರಿ ಆದ ಮೇಲೆ ಮೊದಲ ಕೆಲವು ಗಂಟೆ ಹೊಳೆಯಲ್ಲೇ, ಪೂರ್ತಿ ರೇಸ್ ಕೊಡದೆ ಓಡಿಸಿ. ಕೊನೆಗೊಮ್ಮೆ ಕಂಬಕ್ಕೆ ಕಟ್ಟಿ ಪೂರ್ತಿ ರೇಸ್ ಕೊಟ್ಟು ನೋಡಿ. ಅಲ್ಲಿ ನಿಂತರೆ ಹೊರಗೆ ಹೋಗಿ. ಮೊದಲ ಸಲ ಹೋಗುವಾಗ ಇನ್ನೊಂದು ದೋಣಿ ಜೊತೆಗಿರಲಿ, ಹುಟ್ಟು, ಲಂಗರು, ಲೈಫ್ ಜಾಕೆಟ್ ಇರಲಿ. ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093 ಎರಡೂ ನಂಬರ್ ಇಬ್ಬರ ಮೊಬೈಲಿನಲ್ಲೂ ಇರಲಿ. ಹತ್ತು ಗಂಟೆ ಓಡಿದ ಮೇಲೆ, ಇಂಜಿನ್ ರಾತ್ರಿಯಿಡೀ ನೇರ ನಿಂತಿದ್ದ ಬೆಳಿಗ್ಗೆ, ಕೆಳಗಿನ ಸ್ಕ್ರೂವನ್ನು ಒಂದಿಷ್ಟು ಸಡಿಲಿಸಿ. ನೀರು ಇದ್ದರೆ ಅದೇ ಮೊದಲು ಹನಿಯುತ್ತದೆ. ಹಾಗೇನಾದರೂ ಕಂಡರೆ ಇಂಜಿನಿನ ಮಾಡೆಲ್ ನಂಬರ್, ಗಾಳಿ ಪರೀಕ್ಷೆಯಲ್ಲಿ ಗುಳ್ಳೆ ಬಂದ ಜಾಗ, ಡಾಗ್ ಕ್ಲಚ್ಚಿನ ಎರಡೂ ಬದಿಯ ಫೋಟೋ ಸೇರಿಸಿ ಮತ್ತೆ ಬರೆಯಿರಿ.